ಪೂಜೆಗೆ ಕುಳಿತ ನಾಲ್ಕು ಘೋಡಿಗಳು

ಈ ವರ್ಷ ಖಂಡೇನವಮಿಯ ಮುನ್ನಾದಿನ ಅಟ್ಟವನ್ನು ಸ್ವಚ್ಛಗೊಳಿಸುವಾಗ ಒಂದು ಗೋಣಿಚೀಲ ಕೆಳಗಿಳಿಯಿತು. ಅದರಲ್ಲಿ ನಾಲ್ಕು ಘೋಡಿಗಳಿದ್ದವು. ಘೋಡಿ ಎಂದರೆ ಎತ್ತಿದ ಗಾಡಿಯ ಕೆಳಗೆ ಆಸರೆಗೆ ಕೊಡುವ, ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು. ಒಂದರ ನೆತ್ತಿಯಲ್ಲಿ ಕುಂಕುಮವು ಗ್ರೀಸಿನೊಂದಿಗೆ ಬೆರೆತು ಕಪ್ಪಗೆ ಹೆಪ್ಪುಗಟ್ಟಿತ್ತು. ಮೂಗಿನ ಹತ್ತಿರ ಹಿಡಿದೆ. ಹಳೆಯ ಎಣ್ಣೆ, ಕರ್ಪೂರ, ಕೊಳೆತ ಚೆಂಡುಹೂವು...

ನಿಪ್ಪಾಣಿಯಲ್ಲಿ ನಮ್ಮ ಮನೆಯ ಗೋಡೆಗೆ ಹೊಂದಿಕೊಂಡು ಒಂದು ತಂಬಾಕಿನ ವಖಾರಿ, ಎಂದರೆ ಗೋದಾಮು, ಇತ್ತು. ನಾನು ಚಿಕ್ಕೋಡಿಯ ಡಿಪೋದಲ್ಲಿ ಮೂವತ್ತು ವರ್ಷ ಬಸ್ಸುಗಳ ಕೆಳಗೆ ಮಲಗಿ ಕೆಲಸ ಮಾಡಿ, ಫೋರ್ಮನ್ ಆಗಿ ನಿವೃತ್ತನಾಗಿ ಬಂದಾಗ ಹೆದ್ದಾರಿ ಆಗಷ್ಟೇ ಅಗಲವಾಗಿತ್ತು. ಅದೇ ಹೆದ್ದಾರಿಯ ಮೇಲೆ ವಖಾರಿಯ ಮಾಲಕರು ಕೊಲ್ಹಾಪುರದಿಂದ ಒಂದು ಕಾರನ್ನು ಲಾರಿಗೆ ಕಟ್ಟಿ ಎಳೆಸಿಕೊಂಡು ಬಂದರು. ಎಂಟು ಸಿಲಿಂಡರಿನ, ಮಂಚದಷ್ಟು ಉದ್ದ ಬಾನೆಟ್ಟಿನ ಅಮೆರಿಕನ್ ಕಾರು. ಚಿಕ್ಕಂದಿನಲ್ಲಿ ಅಂಥದೊಂದು ಎಂಜಿನ್ನಿನ ಸದ್ದು ಕೇಳಿದ್ದರಂತೆ. ಸಾಯುವುದರೊಳಗೆ ಕೆಟ್ಟು ನಿಂತ ಈ ಕಾರನ್ನು ತಮ್ಮ ಕೈಯಿಂದಲೇ ರಿಪೇರಿ ಮಾಡಿ ಆ ಸದ್ದನ್ನು ಮತ್ತೊಮ್ಮೆ ಕೇಳಬೇಕೆಂಬುದು ಅವರ ಹಟ.

ಆ ರಿಪೇರಿ ನಡೆದ ಎರಡು ವರ್ಷಗಳನ್ನು ನೆನೆದರೆ ಈಗಲೂ ಹೇಸಿಗೆಯಾಗುತ್ತದೆ. ಅಡುಗೆಮನೆಯ ಪರಾತದಲ್ಲಿ ಪೆಟ್ರೋಲು ಸುರಿದು ವಾಲ್ವುಗಳನ್ನು ತೊಳೆಯುತ್ತಿದ್ದರು, ತುಟಿಯಲ್ಲಿ ಉರಿಯುವ ಬೀಡಿ. ಅದೇ ಪರಾತವನ್ನು ಬೂದಿ ಹಚ್ಚಿ ತಿಕ್ಕಿ ಅದರಲ್ಲೇ ಹಿಟ್ಟು ನಾದಲು ಕಳಿಸುತ್ತಿದ್ದರು. ಕೆಟ್ಟ ಎಣ್ಣೆಯನ್ನು ಗಟಾರಕ್ಕೆ ಚೆಲ್ಲುತ್ತಿದ್ದರು. ಅದು ನನ್ನ ಹೊಸ್ತಿಲ ಮುಂದೆ ಬಣ್ಣಬಣ್ಣವಾಗಿ ತೇಲಿ ಹೋಗುತ್ತಿತ್ತು. ಅಷ್ಟು ಭಾರದ ಕಾರನ್ನು ಇಟ್ಟಿಗೆಗಳ ಮೇಲೆ ನಿಲ್ಲಿಸಿ ಅದರ ಕೆಳಗೆ ನುಸುಳುತ್ತಿದ್ದರು. ಇಟ್ಟಿಗೆ ಸೂಚನೆ ಕೊಟ್ಟು ಬಾಗುವುದಿಲ್ಲ, ಒಮ್ಮೆಲೇ ಪುಡಿಯಾಗುತ್ತದೆ ಎಂದು ನಾನು ಮೂರು ಬಾರಿ ಹೇಳಿದೆ. ಕೊನೆಗೆ ತಾಳಲಾರದೆ ನಾನೇ ಮುಂದೆ ನಿಂತು ಬೆಸುಗೆ ಹಾಕಿಸಿದ ಈ ನಾಲ್ಕು ಘೋಡಿಗಳನ್ನು ಒಯ್ದು ಕಾರಿನ ಕೆಳಗೆ ಕೊಟ್ಟು ಬಂದೆ.

ಆದರೆ ಒಂದನ್ನು ಒಪ್ಪಬೇಕು. ಎಂಟೂ ಪಿಸ್ಟನ್ನುಗಳಿಗೆ ಸೀಮೆಸುಣ್ಣದಿಂದ ಅಂಕಿ ಬರೆದು, ಗೋಣಿಯ ಮೇಲೆ ಸಾಲಾಗಿ ಮಲಗಿಸಿದ್ದರು. ಹೆಡ್ಡಿನ ಬೋಲ್ಟುಗಳನ್ನು ನಡುವಿನಿಂದ ಹೊರಗಿನ ಕಡೆಗೆ, ಮೂರು ಸುತ್ತಿನಲ್ಲಿ, ಉಸಿರು ಹಿಡಿದು ಬಿಗಿಯುತ್ತಿದ್ದರು. ನನ್ನ ಕೈಕೆಳಗಿನವರಲ್ಲಿಯೂ ಅಂಥ ಕೈ ಇರಲಿಲ್ಲ. ಎಂಜಿನ್ನಿಗೆ ಕೊಟ್ಟ ಮರ್ಯಾದೆಯ ಕಾಲು ಭಾಗವನ್ನಾದರೂ ಆ ಮನುಷ್ಯ ತನ್ನ ಮೈಗೆ ಕೊಡಬಾರದಿತ್ತೇ...

ಖಂಡೇನವಮಿಗೆ ವಾರವಿರುವಾಗ ಅವರ ಬೀಡಿಯನ್ನು ಕಂಡು ನಾನು ಮತ್ತೆ ಎಚ್ಚರಿಸಿದೆ. ಅಲ್ಲಿ ಐದು ಜನ ಕುಳಿತಿದ್ದರು. ಮಾಲಕರು ಅವರ ಕಡೆ ತಿರುಗಿ, “ಸಾಹೇಬ್ರ ಡಿಪೋದಾಗ ಬಸ್ಸಿಗಿಂತ ಬೋರ್ಡ ಜಾಸ್ತಿ ಇದ್ದೂವಂತ. ಇಲ್ಲೂ ಒಂದ ಬರದ ಹೋಗ್ರಿ ಸಾಹೇಬ್ರ, ಉಸರಾಡಬ್ಯಾಡ್ರಿ ಅಂತ,” ಎಂದರು. ಅಕ್ಕೋಳದಿಂದ ಬಂದಿದ್ದ ಅವರ ಬೀಗರು ಮರಾಠಿ ಬೆರೆಸಿ, “ಕಾಯ್ ಸಾಹೇಬ, ಪೆನ್ಶನ್ ಬಂದ್ರೂ ಡ್ಯೂಟಿ ಮುಗೀವಲ್ದೇನ್ರಿ?” ಎಂದರು. ಐವರೂ ನಕ್ಕರು. ಯಾರು ಯಾವ ಕಡೆ ಕುಳಿತಿದ್ದರೆಂದು ಈಗಲೂ ಹೇಳಬಲ್ಲೆ. ಇನ್ನು ಈ ವಖಾರಿಯಲ್ಲಿ ನಾನು ಬಾಯಿ ತೆರೆಯುವುದಿಲ್ಲವೆಂದು ಅಂದೇ ನಿಶ್ಚಯಿಸಿದೆ.

ಖಂಡೇನವಮಿಯಂದು ಪೂಜೆಗೆ ಕರೆ ಬಂತು. ನಮ್ಮ ಕಡೆ ಆಯುಧಗಳನ್ನು ತೊಳೆದು ಪೂಜೆಗೆ ಇಟ್ಟರೆ, ಮರುದಿನ ಬನ್ನಿ ಕೊಟ್ಟು ತೆಗೆದುಕೊಳ್ಳುವವರೆಗೆ ಮುಟ್ಟುವುದಿಲ್ಲ. ಎಂಜಿನ್ನು ಸಿದ್ಧವಾಗಿತ್ತು, ಬನ್ನಿ ಆದ ಮೇಲೆಯೇ ಅದನ್ನು ಚಾಲೂ ಮಾಡುವವರಿದ್ದರು. ಬೋಲ್ಟು ಬಿಗಿಯುವ ಪಾನಾಗಳು, ಸುತ್ತಿಗೆಗಳು, ಜ್ಯಾಕು ಸಾಲಾಗಿ ಕುಳಿತಿದ್ದವು. ಸಾಲಿನ ಕೊನೆಯಲ್ಲಿ ಚೆಂಡುಹೂವಿನ ಮಾಲೆ ಹಾಕಿಕೊಂಡು ನನ್ನ ನಾಲ್ಕೂ ಘೋಡಿಗಳು!

“ನೋಡ್ರಿ ಸಾಹೇಬ್ರ, ಇವತ್ತ ನಿಮ್ಮ ಘೋಡಿಗೂ ಮಾನ ಐತಿ,” ಎಂದರು ಮಾಲಕರು.

ನಾನು ಕಾರಿನ ಕಡೆ ನೋಡಿದೆ. ಅದು ಮತ್ತೆ ಇಟ್ಟಿಗೆಗಳ ಮೇಲೆ ನಿಂತಿತ್ತು. ಮಾತು ನಾಲಗೆಯ ತುದಿಗೆ ಬಂದಿತ್ತು. ಅವರ ದನಿ ನನಗೆ ಮತ್ತೊಂದು ಕುಚೋದ್ಯದಂತೆ ಕೇಳಿಸಿತು. ಆ ಐವರ ನಗೆ ನೆನಪಾಯಿತು. ಕೊಬ್ಬರಿಯ ಚೂರನ್ನು ಕೈಯಲ್ಲಿ ಹಿಡಿದು ಮನೆಗೆ ಬಂದೆ.

ಮಧ್ಯಾಹ್ನದ ಚಹಾ ಇನ್ನೂ ಕುಡಿದಿರಲಿಲ್ಲ, ಗೋಡೆ ಅದುರಿತು. ಓಡಿ ಹೋದೆ. ಕಾರಿನ ಮುಂಭಾಗ ನೆಲಕ್ಕೆ ಕೂತಿತ್ತು. ಎಣ್ಣೆ ಎಲ್ಲಿಂದ ಜಿನುಗುತ್ತಿದೆಯೆಂದು ನೋಡಲು ಅವರು ಬರೀ ಒಂದು ಚಿಂದಿ ಬಟ್ಟೆ ಹಿಡಿದು ಕೆಳಗೆ ನುಸುಳಿದ್ದರು. ಸಂಪ್ರದಾಯ ಮುರಿದಿರಲಿಲ್ಲ, ಒಂದು ಪಾನಾವನ್ನೂ ಮುಟ್ಟಿರಲಿಲ್ಲ. ಪೂಜೆಯ ಸಾಲಿನಿಂದ ಜ್ಯಾಕನ್ನು ಎಳೆದು ತಂದು ಕಾರನ್ನು ಎತ್ತಿದವನು ನಾನೇ. ಹೂವುಗಳೆಲ್ಲ ನನ್ನ ಚಪ್ಪಲಿಯ ಕೆಳಗೆ ಅರೆದುಹೋದವು. ಘೋಡಿಗಳು ಅವರ ಕಾಲಿನಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದವು. ಅವರಲ್ಲಿ ಉಸಿರು ಉಳಿದಿರಲಿಲ್ಲ.

ಮಣ್ಣಿಗೆ ಬಂದವರೆಲ್ಲ ಅವರ ಆಯುಷ್ಯವೇ ಅಷ್ಟು ಎಂದರು. ಇಟ್ಟಿಗೆಯ ಪುಡಿ ಇನ್ನೂ ಅಲ್ಲೇ ಬಿದ್ದಿತ್ತು. ಅದನ್ನು ದಾಟಿಕೊಂಡು ಬಂದು ಹಾಗೆಂದರು!

ದಿನಕರ್ಮಗಳು ಮುಗಿದ ಮೇಲೆ ಮಾಲಕರ ಹೆಂಡತಿ ಘೋಡಿಗಳನ್ನು ಗೋಣಿಚೀಲದಲ್ಲಿ ಹಾಕಿಸಿ ತಂದು ನಮ್ಮ ಕಟ್ಟೆಯ ಮೇಲೆ ಇಡಿಸಿದರು. ಚೀಲದ ಬಾಯಿಯನ್ನು ಮಡಚಿ ನನ್ನ ಕಡೆ ತಿರುಗಿದರು.

“ಆ ದಿನ ಪೂಜೆಗೆ ನೀವೂ ಬಂದಿದ್ರಿ. ಗಾಡಿ ಇಟ್ಟಂಗಿ ಮ್ಯಾಲ ಇದ್ದದ್ದು ನಿಮಗ ಕಾಣಲಿಲ್ಲೇನ್ರಿ?”

“ಇಲ್ರಿ ವೈನಿ, ಕಾಣಲಿಲ್ಲ,” ಎಂದೆ.

ಅವರು ತಲೆಯಾಡಿಸಿ ಹೋದರು. ಕಾರನ್ನು ಗುಜರಿಯವರು ಬಿಚ್ಚಿ ಒಯ್ದರು. ಆ ಎಂಜಿನ್ನು ಒಮ್ಮೆಯೂ ಸದ್ದು ಮಾಡಲಿಲ್ಲ. ಹೋದ ವರ್ಷ ವೈನಿಯೂ ತೀರಿಕೊಂಡರು. ನಿಜ ಹೇಳಬೇಕೆಂದರೂ ಆ ಪ್ರಶ್ನೆ ಕೇಳಿದವರು ಈಗ ಇಲ್ಲ...

ನಾಳೆಯ ಪೂಜೆಗೆ ಇವನ್ನೂ ತೊಳೆದು ಇಡೋಣವೇ ಎಂದು ಮನೆಯಲ್ಲಿ ಕೇಳಿದರು. ಬೇಡವೆಂದೆ. ಕುಂಕುಮವನ್ನು ಒರೆಸಲು ಸೀಮೆಎಣ್ಣೆಯ ಬಟ್ಟೆ ತೆಗೆದುಕೊಂಡೆ, ಒರೆಸಲಾಗಲಿಲ್ಲ. ಹಾಗೆಯೇ ಚೀಲದ ಬಾಯಿ ಕಟ್ಟಿ ಮೇಲಿಟ್ಟೆ. ಕೈಯನ್ನು ಎರಡು ಬಾರಿ ಸಾಬೂನಿನಿಂದ ತೊಳೆದರೂ ವಾಸನೆ ಹೋಗಿಲ್ಲ.