ಬುಗುಡಿಗೆ ಒತ್ತದ ಹೆಡ್‌ಫೋನ್

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ರತ್ನಾಬಾಯಿ ಹೊಲಿಗೆ ಯಂತ್ರದ ದೀಪ ಹಾಕುತ್ತಾರೆ. ಒಗೆದು ಬಂದ ರೋಗಿಗಳ ಗೌನುಗಳು ಪಕ್ಕದಲ್ಲಿ ಗುಡ್ಡೆ ಬಿದ್ದಿವೆ. ಹರಿದಲ್ಲಿ ತೇಪೆ, ಕಿತ್ತಲ್ಲಿ ಬೆನ್ನಿಗೆ ಕಟ್ಟುವ ಕಸೆ. ದಿನಕ್ಕೆ ನಲವತ್ತರ ಮೇಲೆಯೇ ಆಗುತ್ತದೆ.

"ಇಲ್ಲಿ ಮಲಗಿದವ್ರ ಬೆನ್ನಿನ ಮರ್ಯಾದಿ ಈ ಕಸಿ ಮ್ಯಾಲೆ ನಿಂತೈತ್ರಿ" ಎನ್ನುತ್ತಾ ಹಲ್ಲಿನಲ್ಲೇ ದಾರ ಕಡಿಯುತ್ತಾರೆ.

ವಿಜಯಪುರದ ಕಡೆಯವರು. ಗಂಡ ವೀರಣ್ಣನವರ ಜೊತೆ ಲಂಡನ್ನಿಗೆ ಬಂದರು. ಅವರು ತೀರಿಕೊಂಡ ಮೇಲೆ ಕಿಂಗ್ಸ್‌ಬರಿಯ ಫ್ಲ್ಯಾಟು, ಮಗಳ ಓದು, ಎಲ್ಲವನ್ನೂ ಈ ಹೊಲಿಗೆಯೇ ಸಾಗಿಸಿತು. ಕಿವಿಯ ಮೇಲಂಚಿನಲ್ಲಿ ಬುಗುಡಿ ಇದೆ. ತಾಯಿ ಇಟ್ಟದ್ದು, ಒಮ್ಮೆಯೂ ತೆಗೆದಿಲ್ಲ.

ಬರುವ ತಿಂಗಳು ನೆರೆಮನೆಯ ಡಾಕ್ಟರ ಮಗಳು ಪ್ರಾಚಿಯ ಮದುವೆ. ಅರಿಶಿಣ ಬೀಸುವಾಗ ಪದ ಹೇಳಲು ರತ್ನಾಬಾಯಿಯನ್ನೇ ಕೇಳಿದ್ದಾರೆ. ಹ್ಞೂಂ ಅಂದದ್ದೇನೋ ಅಂದರು. ಆಮೇಲೆ ನೋಡಿದರೆ ಅರ್ಧ ಪದವೇ ನೆನಪಿಲ್ಲ. ಊರಿನಲ್ಲಿರುವ ಅಕ್ಕ ಶಾವಂತ್ರೆವ್ವ ಹಾಡಿ ಫೋನಿಗೆ ಕಳಿಸಿದರು. ಕೇಳಿ ಕಲಿಯಲು ಸಿಗುವ ಹೊತ್ತೆಂದರೆ ಬಸ್ಸಿನದೊಂದೇ. ಬಸ್ಸಿನ ಗದ್ದಲದಲ್ಲಿ ಅಕ್ಕನ ತೆಳು ದನಿ ಮುಳುಗಿಹೋಗುತ್ತದೆ.

ಹಾಗಾಗಿ ಹೆಡ್‌ಫೋನ್ ಕೊಳ್ಳಲು ಅಕ್ಸ್‌ಬ್ರಿಡ್ಜಿನ ಅಂಗಡಿಯೊಂದಕ್ಕೆ ಹೋದರು. ಅಲ್ಲಿ ಕೆಲಸ ಮಾಡುವ ಸುಧೀರ್ ಬೆಂಗಳೂರಿನವರು.

"ಆಂಟಿ, ಇದು ತಗೊಳ್ಳಿ, ಟಾಪ್ ಮಾಡೆಲ್. ಹೊರಗಿನ ಸದ್ದೇ ಬರಲ್ಲ."

"ನಿನ್ನ ಅಂಗಡ್ಯಾಗ ಸದ್ದರ ಎಲ್ಲೈತೋ ತಮ್ಮಾ? ಬಾಗಿಲಿಗೆ ಬಾ."

ಬಾಗಿಲಲ್ಲಿ ನಿಂತು, ಎದುರು ಬಸ್ಸು ಬಂದಾಗಲೆಲ್ಲ ಅಕ್ಕನ ಹಾಡು ಹಚ್ಚಿ ನೋಡಿದರು. ಟಾಪ್ ಮಾಡೆಲ್‌ಗೆ ಗುಂಡಿಯಿಲ್ಲ, ಮುಟ್ಟಿದರೆ ಸಾಕು. ಅವರ ತಲೆಯ ಉಣ್ಣೆಯ ಟೊಪ್ಪಿ ತಾಗಿ ಹಾಡು ನಿಂತಿತು. "ಟೊಪ್ಪಿಗಿ ಸರಿದ್ರ ನಮ್ಮಕ್ಕನ ಬಾಯಿ ಮುಚ್ಚತೈತಿ. ಒಲ್ಲೆ." ಎರಡನೆಯದು ಬುಗುಡಿಯನ್ನು ಒತ್ತಿತು.

"ಅದನ್ನ ತೆಗೆದಿಟ್ಟು ಹಾಕ್ಕೊಳ್ಳಿ ಆಂಟಿ."

"ಕಿವೀನೂ ತೆಗೆದಿಡು ಅನ್ನಲಿಲ್ಲಲ್ಲ, ಪುಣ್ಯಾತ್ಮ!"

ಸುಧೀರ್ ನಗುತ್ತಾ ಒಳಗಿನಿಂದ ಇನ್ನೊಂದು ತಂದರು. ಕಿವಿ ಮುಚ್ಚುವ ಬಟ್ಟಲು ಆಳ, ಮೆತ್ತೆ ಮೃದು. ಕೈಗವಸು ಹಾಕಿಕೊಂಡೇ ಒತ್ತಬಹುದಾದ ಗುಂಡಿಗಳು. ಸ್ಟಾಪಿನ ಹೆಸರು ಕೂಗುವಾಗ ಹೊರಗಿನ ದನಿಯನ್ನು ಒಳಗೆ ಬಿಡಲಿಕ್ಕೂ ಒಂದು ಗುಂಡಿ. ಟಾಪ್ ಮಾಡೆಲ್‌ಗಿಂತ ಅಗ್ಗ. ಅದೇ ಆಯಿತು.

ಮಾರನೇ ದಿನ ಬಸ್ಸಿನಲ್ಲಿ ಹಾಕಿಕೊಂಡಾಗ ಇನ್ನೊಂದು ಸಂಗತಿ ತಿಳಿಯಿತು. ಇಷ್ಟು ದಿನ ಪ್ರತಿ ಸಾಲಿನ ನಂತರ ಹಾಡು ಖಾಲಿ ಬಿಡುತ್ತಿತ್ತು. ಫೋನೇ ಕೆಟ್ಟಿದೆ ಎಂದುಕೊಂಡಿದ್ದರು. ಈಗ ಆ ಖಾಲಿಯೊಳಗೆ ಅಕ್ಕ ಮೆಲ್ಲಗೆ ಗುನುಗುವುದು ಕೇಳಿಸಿತು.

"ಬೀಸೋ ಕಲ್ಲಿಗೆ ಎದುರಾಬದುರಾ ಕೂಡತಿದ್ವಿ. ಒಂದ ಸಾಲ ಆಕಿದು, ಒಂದ ಸಾಲ ನಂದು. ನನ್ನ ಸಾಲ ಬಂದಲ್ಲಿ ಆಕಿ ಬರೇ ಗುನುಗ್ಯಾಳ. ನನಗಂತ ಜಾಗ ಬಿಟ್ಟಾಳ್ರಿ."

ಆ ಗುನುಗಿಗೆ ಮರೆತ ಸಾಲು ತಾನಾಗಿ ಬಾಯಿಗೆ ಬಂತು. ತನ್ನ ದನಿ ಎಷ್ಟು ಜೋರೆಂಬುದೇ ಗೊತ್ತಾಗದೆ ಹಾಡಿಬಿಟ್ಟರು. ಇಡೀ ಬಸ್ಸು ತಿರುಗಿ ನೋಡಿತು.

"ಎದುರಿನ ಬಿಳೇ ಮುದುಕಿ 'ಲವ್ಲಿ' ಅಂದ್ಲ ನೋಡ್ರಿ. ಕೇಳಸಲಿಲ್ಲ, ತುಟಿ ನೋಡಿ ತಿಳಕೊಂಡೆ" ಎಂದು ನಗುತ್ತಾರೆ.

ಇಂದೂ ಯಂತ್ರದ ಮುಂದೆ ಅದೇ ಪದ ತುಟಿಯಲ್ಲಿ ಆಡುತ್ತಿದೆ. ಮತ್ತೊಂದು ಗೌನು ಎಳೆದುಕೊಂಡು ರತ್ನಾಬಾಯಿ ಹೇಳುತ್ತಾರೆ:

"ಮದ್ವಿ ದಿನ ಅಕ್ಕಗ ವಿಡಿಯೊ ಕಾಲ್ ಹಚ್ಚಿ ಫೋನ್ ಬೀಸೋ ಕಲ್ಲಿನ ಮುಂದ ಇಡ್ತೀನ್ರಿ. ಆಕಿ ಸಾಲ ಆಕಿ ಹೇಳಲಿ, ನನ್ನ ಸಾಲ ನಾ ಹೇಳ್ತೀನಿ. ತಪ್ಪಿದ್ರ ಅಲ್ಲಿಂದನ ಬೈಲಿ." ಸೂಜಿಗೆ ದಾರ ಪೋಣಿಸಿ, "ತಪ್ಪಂಗಿಲ್ಲ, ಬಿಡ್ರಿ."