ತಡಕುಗಡ್ಡಿ ಮಾಸ್ತರು

ಬಸಲಿಂಗಪ್ಪ ಮಾಸ್ತರ ಹತ್ತಿರ ಯಾರೂ ಎರಡನೇ ಸಲ ಕಡ್ಡಿಪೆಟ್ಟಿಗೆ ಕೇಳುತ್ತಿರಲಿಲ್ಲ. ಬೀಡಿ ಹಚ್ಚಲೆಂದು ತೆರೆದರೆ ಒಳಗಿಂದ ಜಿರಳೆ ಜಿಗಿಯುತ್ತಿತ್ತು. "ಹಿಡೀರಿ, ಹಿಡೀರಿ! ನಾಳಿ ಪಾಠ ಅದು!" ಎಂದು ಮಾಸ್ತರು ಧೋತರ ಎತ್ತಿಕೊಂಡು ಅದರ ಬೆನ್ನು ಹತ್ತುತ್ತಿದ್ದರು.

ಇಂಗ್ರೇಜರ ಕಾಲ. ಮೂಡಲಗಿಯ ಸಾಲೆಯಲ್ಲಿ ನಾನೂ ಒಬ್ಬ ಮಾಸ್ತರ. ಆಗ ಬಂದ ಹೊಸ ಪುಸ್ತಕವು ಹುಳದ ತಲೆಯ ಮೇಲೆ ಆಡುವ ಆ ಎರಡು ಎಳೆಗಳನ್ನು 'ಸ್ಪರ್ಶಶೃಂಗ' ಎಂದಿತ್ತು. ಮುಟ್ಟುವ ಕೋಡು ಎಂದರ್ಥ. ಮಾಸ್ತರು ಕೆಂಡವಾದರು.

"ಕೋಡಂತ! ಹುಳ ಏನ್ ಹಾಯಾಕ ಬರ್ತೈತೇನ್ರಿ?"

ಊರವರು ಮೀಸಿ ಅನ್ನುತ್ತಾರಲ್ಲ, ಅದೇ ಸಾಕು ಅಂದೆ. ಅವರಿಗೆ ಸಾಲದು. ರವಿವಾರ ಬಂತೆಂದರೆ ಗೋಕಾಕ, ಹುಕ್ಕೇರಿ ಕಡೆ ಹೊರಟು, ಕಂಡಕಂಡವರೆದುರು ಪೆಟ್ಟಿಗೆ ತೆರೆದು "ಇದಕ್ಕೇನಂತೀರಿ?" ಎಂದು ಕೇಳುವುದು. ಹೆಚ್ಚಿನವರ ಉತ್ತರ, "ಹೊಡದ ಒಗೀರಿ ಅದನ್ನ." ದಡ್ಡಿ ಎಂಬ ಊರಿನ ಒಬ್ಬ ಮುದುಕಿ ಮಾತ್ರ ಬಗ್ಗಿ ನೋಡಿ, "ಮೀಸಿ ಹೆಂಗ ಆದೀತೋ ಯಪ್ಪಾ, ಹೆಣ್ಣ ಹುಳಕ್ಕೂ ಐತಲ್ಲ? ದಾರಿ ತಡಕಾಕತ್ತೈತಿ ನೋಡು. ತಡಕುಗಡ್ಡಿ ಅದು" ಅಂದಳಂತೆ. ಮಾಸ್ತರು ಅಲ್ಲೇ ಅವಳ ಕಾಲು ಮುಟ್ಟಿದರಂತೆ. ಮರುದಿನದಿಂದ ಇಡೀ ಸಾಲೆಗೆ ತಡಕುಗಡ್ಡಿ. ನಾನೂ ನನ್ನ ವರ್ಗದ ಮಕ್ಕಳಿಗೆ ಅದನ್ನೇ ಕಲಿಸಿದೆ. ಆ ಮಾತು ನನಗೆ ಬಹಳ ಹಿಡಿಸಿತ್ತು, ಖರೆ.

ಆ ವರ್ಷ ಹೆಡ್‌ಮಾಸ್ತರಿಕೆ ಅವರಿಗೇ ಬರಬೇಕಿತ್ತು. ತಪಾಸಣೆಗೆ ಬಂದ ಸಾಹೇಬರು ಅವರ ವರ್ಗದಲ್ಲಿ ಹುಳದ ಚಿತ್ರ ತೋರಿಸಿ ಆ ಎಳೆಗಳ ಹೆಸರು ಕೇಳಿದರು. ಮಕ್ಕಳು ಮಾಡು ಹಾರಿಹೋಗುವಂತೆ "ತಡಕುಗಡ್ಡಿ!" ಎಂದು ಕೂಗಿದವು.

"ಇದು ಯಾವ ಪುಸ್ತಕದಾಗೈತಿ?"

"ಪುಸ್ತಕದಾಗಿಲ್ರಿ ಸಾಹೇಬ್ರ, ದಡ್ಡಿ ಮುದುಕಿ ಬಾಯಾಗೈತ್ರಿ" ಎಂದರು ಮಾಸ್ತರು. "ತಪ್ಪ ಇದ್ರ ತೋರಸ್ರಿ, ಈಗ ತಿದ್ದಕೋತೇನಿ."

ಸಾಹೇಬರಿಗೆ ತಪ್ಪು ತೋರಿಸಲಾಗಲಿಲ್ಲ. ಸಿಟ್ಟು ಬಂದದ್ದೇ ಅದಕ್ಕೆ. ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿ, "ಸರಿ ಉತ್ತರ ನೀವು ಬರೀರಿ" ಎಂದರು. ಮಾಸ್ತರು ನನ್ನನ್ನು ನೋಡಿ ನಕ್ಕರು. ಇವನೊಬ್ಬನಿದ್ದಾನಲ್ಲ ಎಂಬ ಧೈರ್ಯದ ನಗೆ. ನಾನು ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಮೇಲೆ ದುಂಡಗೆ 'ಸ್ಪರ್ಶಶೃಂಗ' ಎಂದು ಬರೆದೆ. ಮಕ್ಕಳು ಅದನ್ನೇ ಪಾಟಿಯ ಮೇಲೆ ಬರೆದುಕೊಂಡವು.

ಹೆಡ್‌ಮಾಸ್ತರಿಕೆ ನನಗೆ ಬಂತು. ಅವರಿಗೆ ಯಮಕನಮರಡಿಗೆ ಬದಲಿಯಾಯಿತು. ಹೊರಡುವ ದಿನ ಅವರ ಸಾಮಾನನ್ನು ನಾನೇ ನಿಂತು ಚಕ್ಕಡಿಗೆ ಹೇರಿಸಿದೆ. ನಾಲ್ಕು ಮಾತು ಬಯ್ಯಲಿ, ನನ್ನ ಎದೆ ಹಗುರಾದೀತು ಎಂಬ ಆಸೆ. ಅವರು ಬಯ್ಯಲಿಲ್ಲ.

"ನಿಮ್ಮ ಅಕ್ಷರ ಭಾಳ ಚಂದ ಅದಾವ್ರಿ" ಎಂದರು. ಚಕ್ಕಡಿ ಹೊರಟಿತು.

ಮತ್ತೆ ನಾವು ಭೇಟಿಯಾಗಲಿಲ್ಲ. ಅವರು ತೀರಿಕೊಂಡ ಸುದ್ದಿಯನ್ನು ಹೆಡ್‌ಮಾಸ್ತರ ಕುರ್ಚಿಯಲ್ಲಿ ಕುಳಿತೇ ಕೇಳಿದೆ. ಇಂದಿಗೂ ಯಾರಾದರೂ ನನ್ನ ಅಕ್ಷರ ಹೊಗಳಿದರೆ ಕೈಯನ್ನು ಕಿಸೆಯೊಳಗೆ ಹಾಕಿಕೊಳ್ಳುತ್ತೇನೆ.