ಕಲ್ಯಾಣಿಗೆ ಬಿಟ್ಟ ಬಸವನಹುಳು

ಇಂದು ಪ್ರಾತಃಕಾಲ ಸಂಧ್ಯಾವಂದನೆಗೆ ನೀರು ತರಲು ಹೋದಾಗ, ಹಿತ್ತಿಲಿನ ಕಲ್ಲುತೊಟ್ಟಿಯ ಅಂಚಿನಲ್ಲಿ ಕಡಲೆಕಾಳಿನಷ್ಟು ಗಾತ್ರದ ಹಳದಿ ಬಸವನಹುಳುವೊಂದು ಕುಳಿತಿತ್ತು. ಬೆರಳು ಸೋಕಿದೊಡನೆ ಅದು ತನ್ನ ಮುಚ್ಚಳವನ್ನು ಒಳಗಿನಿಂದ ಎಳೆದುಕೊಂಡು ಹರಳಿನಂತೆ ನಿಶ್ಚಲವಾಯಿತು. ಇಷ್ಟು ಅಲ್ಪ ಜೀವಿಯನ್ನು ಕಂಡು ಎಪ್ಪತ್ತು ದಾಟಿದ ಮುದುಕ ಹೆದರಿದನೆಂದರೆ ನೀವು ನಗಬಹುದು. ನಕ್ಕು ಮುಗಿದ ಮೇಲೆ ಮುಂದಿನದನ್ನೂ ದಯಮಾಡಿ ಕೇಳಬೇಕು.

ನಾನು ಜೋಗುಪಾಳ್ಯದ ನಿವಾಸಿ, ನಿವೃತ್ತ ಸಂಸ್ಕೃತ ಅಧ್ಯಾಪಕ. ಮನೆಯಿಂದ ಹಲಸೂರಿನ ಕಡೆಗೆ ಹತ್ತು ನಿಮಿಷ ನಡೆದರೆ ಅಮ್ಮನವರ ಪುಟ್ಟ ಗುಡಿ, ಅದರ ಮಗ್ಗುಲಲ್ಲಿ ಒಂದು ಕಲ್ಯಾಣಿ. ಅಲ್ಲಿಯೇ ಅರಳಿದ ತಾವರೆ ಶುಕ್ರವಾರದ ಅರ್ಚನೆಗೆ ಆಗಬೇಕು, ಕೊಂಡು ತಂದ ತಾವರೆ ಅಮ್ಮನ ಪಾದಕ್ಕೆ ಸಲ್ಲದು ಎಂಬುದು ಆ ಗುಡಿಯ ನೇಮ. ಒಮ್ಮೆ ನೀರಿನಲ್ಲಿ ಸೊಳ್ಳೆ ಹೆಚ್ಚಿದಾಗ, ಶಿವಾಜಿನಗರದಲ್ಲಿ ಬಣ್ಣದ ಮೀನಿನ ಅಂಗಡಿ ಇಟ್ಟಿರುವ ಶಫಿ ಸಾಹೇಬರು ಯಾರೂ ಕೇಳದೆಯೇ ಸೊಳ್ಳೆಮರಿ ತಿನ್ನುವ ಮೀನುಗಳನ್ನು ತಂದು ಬಿಟ್ಟರು. ಅಂದಿನಿಂದ ಪ್ರತಿ ಶುಕ್ರವಾರ ಬೆಳಗ್ಗೆ ಅಂಗಡಿ ತೆರೆಯುವ ಮುನ್ನ ಬಂದು, ಮೆಟ್ಟಿಲ ಮೇಲೆ ಕುಳಿತು, ಮಗಳ ಮನೆಗೆ ಬಂದ ತಂದೆಯಂತೆ ಮೀನುಗಳ ಯೋಗಕ್ಷೇಮ ವಿಚಾರಿಸಿಕೊಂಡು ಹೋಗುವುದು ಅವರ ರೂಢಿಯಾಯಿತು. ನಾನು ಸಹಸ್ರನಾಮ ಮುಗಿಸುವುದಕ್ಕೂ ಅವರು ಏಳುವುದಕ್ಕೂ ಸರಿಹೋಗುತ್ತಿತ್ತು. ನಮ್ಮ ಸ್ನೇಹ ಬೆಳೆದದ್ದು ಹಾಗೆ.

ನನ್ನ ಮನೆಯ ತೊಟ್ಟಿಯಲ್ಲೂ ಒಂದು ತಾವರೆಯ ಬಳ್ಳಿಯಿತ್ತು. ಅದರ ಪಾಚಿ ತಿನ್ನಲೆಂದು ಸಾಹೇಬರ ಅಂಗಡಿಯಿಂದ ಎರಡು ಬಸವನಹುಳು ತಂದೆ. ಪೀತಾಂಬರ ಉಟ್ಟಂತಹ ಆ ಕಾಂತಿಗೆ ನಾನು ಮರುಳಾದದ್ದನ್ನು ಕಂಡು ಅವರು ಅಂದೇ ಎಚ್ಚರಿಸಿದ್ದರು.

“ನೋಡೋಕೆ ಸಾಧು ಮೇಷ್ಟ್ರೇ, ಹೊಟ್ಟೆ ಮಾತ್ರ ರಾಕ್ಷಸಂದು. ಮೋರಿ ನೀರಲ್ಲೂ ಬದುಕುತ್ತೆ, ನೀರೇ ಇಲ್ದಿದ್ರೂ ಬದುಕುತ್ತೆ. ಜಾಸ್ತಿ ಆದ್ರೆ ಕುದಿಯೋ ನೀರು ಹಾಕಿ ಮುಗಿಸ್ಬಿಡಿ. ಕೆರೆ ಗಿರೆಗೆ ಬಿಡ್ಬೇಡಿ, ಅಷ್ಟೇ.”

“ಶಿವ ಶಿವ! ಕೊಲ್ಲೋ ಮಾತು ನನ್ನ ಹತ್ರ ಆಡ್ಬೇಡಿ ಸಾಹೇಬ್ರೇ,” ಎಂದೆ.

ಆರು ತಿಂಗಳಲ್ಲಿ ತೊಟ್ಟಿಯ ತುಂಬ ಅವುಗಳ ಸಂತತಿ. ತಾವರೆಯ ಬಳ್ಳಿ ನಾಮಾವಶೇಷ. ಕುದಿಯುವ ನೀರಿನ ಪಾತ್ರೆಯನ್ನು ತೊಟ್ಟಿಯವರೆಗೆ ಒಯ್ದು, ಹಾಗೆಯೇ ಹಿಂದಕ್ಕೆ ತಂದೆ. ಪ್ರಾಣಿಹಿಂಸೆಗೆ ಅಂಜುವ ವಂಶ ನಮ್ಮದು. ಯೋಚನೆಗೂ ಅಷ್ಟೇ ಅಂಜುತ್ತದೆಂದು ಈಗ ತೋರುತ್ತದೆ. ಏಕಾದಶಿಯ ದಿನ ಅವನ್ನೆಲ್ಲ ಬಕೆಟ್ಟಿನಲ್ಲಿ ತುಂಬಿ, ವಿಧಿವತ್ತಾಗಿ ಸಂಕಲ್ಪ ಹೇಳಿ, ಗುಡಿಯ ಕಲ್ಯಾಣಿಗೆ ಬಿಟ್ಟು, ಜೀವದಾನ ಮಾಡಿದೆನೆಂಬ ತೃಪ್ತಿಯಿಂದ ಮನೆಗೆ ಬಂದು ಮಲಗಿದೆ. ಮಾಡಿದ ಪಾಪಕ್ಕೆ ಗೋತ್ರ, ನಕ್ಷತ್ರ ಸಹಿತ ಸಹಿ ಹಾಕಿ ಬಂದವನು ಬಹುಶಃ ನಾನೊಬ್ಬನೇ.

ಮರುವರ್ಷ ಕಲ್ಯಾಣಿಯ ಮೆಟ್ಟಿಲುಗಳ ಮೇಲೆ ಗುಲಾಬಿ ಬಣ್ಣದ ಮೊಟ್ಟೆಗೊಂಚಲುಗಳು ಕಾಣಿಸಿಕೊಂಡವು. ಯಾರೋ ಕುಂಕುಮ ಚೆಲ್ಲಿದ್ದಾರೆಂದು ಭಾವಿಸಿದ ಹೆಂಗಸೊಬ್ಬರು ಅದಕ್ಕೆ ಕೈಮುಗಿದದ್ದನ್ನು ನಾನೇ ಕಂಡೆ. ಆಮೇಲೆ ಎಲೆಗಳು ಜರಡಿಯಾದವು, ಮೊಗ್ಗುಗಳು ದಂಟಿನಲ್ಲೇ ತುಂಡಾದವು. ಮಳೆಗಾಲದಲ್ಲಿ ಚರಂಡಿಯ ನೀರು ನುಗ್ಗಿದಾಗ ಸಾಹೇಬರ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ಬಸವನಹುಳುಗಳು ಮಾತ್ರ ಆ ಕೊಳಕಿನಿಂದ ಸಣ್ಣ ಕೊಳವೆಯೊಂದನ್ನು ಮೇಲಕ್ಕೆ ಚಾಚಿ ಗಾಳಿಯನ್ನು ಎಳೆದುಕೊಳ್ಳುತ್ತ ಸುಖವಾಗಿದ್ದವು. ಗುಡಿಯವರು ನೀರು ಬಸಿದು ಸುಣ್ಣ ಎರಚಿದರು. ಒಂದು ಬೇಸಗೆಯಿಡೀ ಕೆಸರು ಬಿರುಕುಬಿಟ್ಟು ಒಣಗಿತು. ಹುಳುಗಳು ಮುಚ್ಚಳ ಮುಚ್ಚಿಕೊಂಡು ಆ ಕೆಸರಿನೊಳಗೇ ಮಲಗಿದ್ದವು, ಮೊದಲ ಮಳೆ ಬಿದ್ದ ವಾರದಲ್ಲಿ ಎದ್ದು ಬಂದವು. ತಾವರೆಯ ಗೆಡ್ಡೆ ಏಳಲಿಲ್ಲ. ಆ ಶುಕ್ರವಾರವೂ ಅಮ್ಮನವರ ಪಾದ ಬರಿದಾಗಿಯೇ ಇತ್ತು.

ಅಂದು ಪ್ರಾಂಗಣದಲ್ಲಿ ಹತ್ತು ಜನ ಸೇರಿದ್ದರು. ಅರ್ಚಕರು, “ಆ ಮೀನಿನಂಗಡಿಯವನೇ ತಂದು ಬಿಟ್ಟಿರೋದು, ಇನ್ಯಾರು? ಮೀನು ಬಿಡ್ತೀನಿ ಅಂತ ಬಂದು ಇದನ್ನ ಬಿಟ್ಟ. ಏನಂತೀರಿ ಮೇಷ್ಟ್ರೇ?” ಎಂದರು. ಎಲ್ಲರ ಮುಖವೂ ನನ್ನತ್ತ ತಿರುಗಿತು. ವ್ಯಾಕರಣದ ಸಂಶಯಕ್ಕೂ ಮುಹೂರ್ತದ ಸಂಶಯಕ್ಕೂ ನನ್ನ ಮಾತೇ ಪ್ರಮಾಣವೆಂದು ನಂಬಿದ ಜನ. ನಾನು ಶಲ್ಯ ಸರಿಪಡಿಸಿಕೊಂಡೆ, ಬಾಯಿ ತೆರೆಯಲಿಲ್ಲ. ನನ್ನ ಮೌನವೇ ತೀರ್ಪಾಯಿತು. ಇನ್ನು ಮೆಟ್ಟಿಲ ಬಳಿ ಬರಕೂಡದೆಂದು ಸಾಹೇಬರಿಗೆ ಹೇಳಿ ಕಳುಹಿಸಿದರು.

ಮೂರು ಶುಕ್ರವಾರ ಬರಿದಾದ ಮೆಟ್ಟಿಲನ್ನು ನೋಡಿದೆ. ನಾಲ್ಕನೆಯದಕ್ಕೆ ತಾಳಲಾರದೆ ಅವರ ಅಂಗಡಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಗಾಜಿನ ತೊಟ್ಟಿ ಒರೆಸುವುದನ್ನು ನಿಲ್ಲಿಸಲಿಲ್ಲ.

“ಗೊತ್ತಿತ್ತು ಮೇಷ್ಟ್ರೇ. ಆ ಹಳದಿ ನಾನು ನಿಮಗೊಬ್ರಿಗೇ ಕೊಟ್ಟಿದ್ದು.”

“ಗೊತ್ತಿದ್ದೂ ಯಾಕೆ ಸುಮ್ನಿದ್ರಿ?”

“ನೀವು ಹೇಳ್ತೀರಿ ಅನ್ಕೊಂಡೆ. ಮಾರಿದ್ದು ನಾನೇ ತಾನೆ, ನಂದೂ ತಪ್ಪಿದೆ ಬಿಡಿ.” ಒರೆಸುತ್ತಲೇ ಕೇಳಿದರು: “ಈ ಮಳೆಗೆ ಮತ್ತೆ ಬಿಟ್ಟಿದ್ದ ಮೀನು ಒಂದಾದ್ರೂ ಉಳೀತಾ?”

ಉಳಿದಿರಲಿಲ್ಲ.

ಅಲ್ಲಿಂದ ನೇರವಾಗಿ ಗುಡಿಗೆ ಹೋಗಿ, ಸೇರಿದ್ದವರೆದುರು ಅರ್ಚಕರಿಗೆ ಕೈಮುಗಿದು, ಬಕೆಟ್ಟು, ಏಕಾದಶಿ, ಸಂಕಲ್ಪ, ಒಂದನ್ನೂ ಬಿಡದೆ ಒಪ್ಪಿಕೊಂಡೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡರು. “ದೊಡ್ಡೋರು ಅಂದ್ರೆ ನೀವು! ಆ ಅಂಗಡಿಯವನನ್ನ ಉಳಿಸೋಕೆ ಅಪವಾದಾನ ನಿಮ್ಮ ತಲೆ ಮೇಲೆ ಹಾಕ್ಕೋತೀರಾ? ನಾವು ನಂಬ್ತೀವಾ ಮೇಷ್ಟ್ರೇ?” ಎಂದರು. ಸುತ್ತಲಿನವರು ಭಕ್ತಿಯಿಂದ ತಲೆದೂಗಿದರು. ಒಬ್ಬರು ನನ್ನ ಕಾಲನ್ನೂ ಮುಟ್ಟಿದರು. ಆಮೇಲೆ ಎರಡು ಬಾರಿ ಹೇಳಿದೆ. ಹೇಳಿದಷ್ಟೂ ನನ್ನ ಔದಾರ್ಯ ಬೆಳೆಯಿತು, ಸಾಹೇಬರ ಅಪರಾಧ ಗಟ್ಟಿಯಾಯಿತು.

ಈಗ ದಿನವೂ ಬೆಳಗ್ಗೆ ಕಲ್ಯಾಣಿಗೆ ಹೋಗಿ, ಹಿಡಿ ಮುರಿದ ದೋಸೆ ಮಗುಚುವ ಸಟ್ಟುಗದಿಂದ ಮೆಟ್ಟಿಲಿನ ಗುಲಾಬಿ ಮೊಟ್ಟೆಗಳನ್ನು ಕೆರೆದು ಹಾಕುತ್ತೇನೆ. ಅದನ್ನೂ ಜನ ಸೇವೆಯೆಂದೇ ಕರೆಯುತ್ತಾರೆ.

ಇಂದು ಬೆಳಗ್ಗೆ ತೊಟ್ಟಿಯ ಅಂಚಿನಲ್ಲಿದ್ದ ಆ ಹುಳುವನ್ನು ಅಂಗೈಯಲ್ಲಿ ಇಟ್ಟುಕೊಂಡು ಅಡುಗೆಮನೆಗೆ ಬಂದೆ. ಕಾಫಿಗೆಂದು ಇಟ್ಟ ನೀರು ಒಲೆಯ ಮೇಲೆ ಕುದಿಯುತ್ತಿತ್ತು. ಅದು ಅಷ್ಟರಲ್ಲಿ ನನ್ನ ಕೈಯ ಬಿಸುಪನ್ನು ನಂಬಿ, ಮುಚ್ಚಳ ಸರಿಸಿ, ಎರಡು ಮೀಸೆಗಳನ್ನು ಮೆಲ್ಲನೆ ಹೊರಗೆ ಚಾಚಿತ್ತು. ಈ ಸಲ ನಾನು ಸಂಕಲ್ಪ ಹೇಳಲಿಲ್ಲ. ಪಾತ್ರೆಯ ಮೇಲೆ ಅಂಗೈಯನ್ನು ಮಗುಚಿದೆ.